ಹಳೆಯ ಡಾರ್ಕ್‌ರೂಮ್ ಫೋಟೊ ಪೇಪರ್ ಆನ್‌ಲೈನ್‌ನಲ್ಲಿ ಕೊಳ್ಳುತ್ತೀರಾ? ‘ತೆರೆದು ತೋರಿಸಿ’ ಎಂದು ಕೇಳಬೇಡಿ

“ಹಳೇ ಸ್ಟುಡಿಯೊ ಸಾಮಾನು. ಬ್ಲ್ಯಾಕ್ ಅಂಡ್ ವೈಟ್ ಫೋಟೊ ಪೇಪರ್, 100 ಶೀಟ್. ಒಳಗೆ ಹೊಸದರ ಹಾಗೇ ಇದೆ, ಫೋಟೊ ನೋಡಿ.”

ಹಳೆಯ ಸಾಮಾನು ಮಾರುವ ಆ್ಯಪ್‌ಗಳಲ್ಲಿ, ಫೇಸ್‌ಬುಕ್ ಗುಂಪುಗಳಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಇಂಥ ಜಾಹೀರಾತು ಆಗಾಗ ಕಾಣುತ್ತದೆ. ಜೊತೆಗೆ ಮೂರು ಚಿತ್ರ: ಡಬ್ಬಿ, ಡಬ್ಬಿಯ ಒಳಗಿನ ಕಪ್ಪು ಚೀಲ, ಚೀಲದಿಂದ ಹೊರತೆಗೆದು ಮೇಜಿನ ಮೇಲೆ ಹರಡಿದ ಬಿಳಿ ಹಾಳೆಗಳು. ಹಾಳೆ ಶುಭ್ರವಾಗಿದೆ, ಕಲೆಯಿಲ್ಲ, ಮಡಿಕೆಯಿಲ್ಲ. ನೋಡಿದವರಿಗೆ ನಂಬಿಕೆ ಬರುತ್ತದೆ.

ಆದರೆ ಆ ಮೂರನೇ ಚಿತ್ರ ತೆಗೆದ ಗಳಿಗೆಯಲ್ಲೇ ಅದರಲ್ಲಿ ಕಾಣುವ ಹಾಳೆಗಳು ಕೆಟ್ಟುಹೋಗಿವೆ.

ಚುಟುಕಾಗಿ ಹೇಳುವುದಾದರೆ

- ಡಾರ್ಕ್‌ರೂಮ್ ಪೇಪರ್ ಬೆಳಕು ಬಿದ್ದರೆ ಕೆಡುವ ವಸ್ತು. ಮಾಮೂಲಿ ಬೆಳಕಿನಲ್ಲಿ ತೆರೆದು ತೋರಿಸಿದ ಹಾಳೆ ಕೆಲಸಕ್ಕೆ ಬಾರದು.
- ಸೀಲ್ ಒಡೆಯದ ಡಬ್ಬಿಯೂ ಬಿಸಿಲು, ಸೆಕೆ, ವಯಸ್ಸಿನಿಂದ ಕೆಟ್ಟಿರಬಹುದು.
- ಪೇಪರ್ ಚೆನ್ನಾಗಿದೆಯೇ ಎಂದು ತಿಳಿಯುವುದು ಕಣ್ಣಿನಿಂದಲ್ಲ, ಕತ್ತಲಲ್ಲಿ ಮಾಡುವ ಒಂದು ಸಣ್ಣ ಪರೀಕ್ಷೆಯಿಂದ.
- ಹಳೆಯ ನೆಗೆಟಿವ್‌ನಲ್ಲಿರುವ ಮುಖ ನೋಡುವುದಷ್ಟೇ ನಿಮ್ಮ ಆಸೆಯಾದರೆ ಈ ಪೇಪರ್ ಬೇಕಾಗಿಯೇ ಇಲ್ಲ.

ಈ ಪಾಠ ಕಲಿತ ಬಗೆ

ನಮ್ಮ ಸೋದರಮಾವನ ಮನೆಯ ಟ್ರಂಕಿನಲ್ಲಿ ಒಂದಷ್ಟು ನೆಗೆಟಿವ್‌ಗಳಿದ್ದವು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ, ಅಂದರೆ ಶಾಂತಿಸಾಗರಕ್ಕೆ, ಮನೆಮಂದಿಯೆಲ್ಲ ಹೋದಾಗ ಕೆರೆ ಏರಿಯ ಮೇಲೆ ತೆಗೆದವು. ಅದರಲ್ಲಿರುವ ಅರ್ಧ ಜನ ಈಗಿಲ್ಲ. ಅವನ್ನು ಹಳೆಯ ರೀತಿಯಲ್ಲೇ, ಕಪ್ಪು-ಬಿಳುಪು ಪೇಪರಿನ ಮೇಲೆ ಪ್ರಿಂಟ್ ಹಾಕಿಸಿ ಮಾವನಿಗೆ ಕೊಡಬೇಕು ಎಂದು ನನಗೆ ಹಟ ಬಂತು. ಆನ್‌ಲೈನ್‌ನಲ್ಲಿ ಒಂದು ಡಬ್ಬಿ ಸಿಕ್ಕಿತು. ಮಾರುವವರು, “ಸೀಲ್ ಹಾಗೇ ಇದೆ ಮೇಡಂ” ಎಂದರು. ನಾನು ಜಾಣತನ ತೋರಿಸಿದೆ: “ಅಣ್ಣಾ, ಒಳಗಿನ ಶೀಟ್ ಒಂದ್ಸಲ ಬಿಚ್ಚಿ ವಿಡಿಯೊ ಕಳಿಸ್ತೀರಾ? ನೋಡಿ ದುಡ್ಡು ಹಾಕ್ತೀನಿ.”

ಪಾಪ, ಅವರು ಮನೆ ಮುಂದಿನ ಜಗಲಿಯಲ್ಲಿ ಕೂತು, ಕಪ್ಪು ಚೀಲ ಕತ್ತರಿಸಿ, ಹಾಳೆಗಳನ್ನು ಇಸ್ಪೀಟ್ ಎಲೆಯ ಹಾಗೆ ಹರಡಿ ತೋರಿಸಿದರು. ನಾನು ಖುಷಿಯಿಂದ ದುಡ್ಡು ಕಳಿಸಿದೆ. ದಾವಣಗೆರೆಯ ಹಿರಿಯ ಫೋಟೊಗ್ರಾಫರ್ ಒಬ್ಬರ ಡಾರ್ಕ್‌ರೂಮಿನಲ್ಲಿ ಮೊದಲ ಹಾಳೆ ಡೆವಲಪರ್‌ಗೆ ಬಿದ್ದದ್ದೇ ತಡ, ಪೂರ್ತಿ ಕಪ್ಪಾಯಿತು. ಎರಡನೆಯದೂ ಹಾಗೇ. ಅವರು ನಕ್ಕು, “ಅಲ್ಲಮ್ಮಾ, ಬೆಳಕಲ್ಲಿ ಬಿಚ್ಚಿಸಿದೀಯಲ್ಲ, ಇನ್ನೇನು ಉಳಿದೀತು?” ಎಂದರು. ಮಾರಿದವರು ಸುಳ್ಳು ಹೇಳಿರಲಿಲ್ಲ. ಡಬ್ಬಿಯನ್ನು ಹಾಳು ಮಾಡಿಸಿದವಳು ನಾನೇ.

ಬದನೆಕಾಯಿಯನ್ನು ಒತ್ತಿ ನೋಡಿ, ಅಡಿಕೆಯನ್ನು ಕತ್ತರಿಸಿ ನೋಡಿ, ಸೀರೆಯನ್ನು ಬಿಡಿಸಿ ನೋಡಿ ಕೊಳ್ಳುವವರು ನಾವು. ಈ ಒಂದು ಸರಕಿಗೆ ಮಾತ್ರ ಆ ಬುದ್ಧಿ ತಿರುಗುಬಾಣ.

ಮೊದಲು: ಇದು ಯಾವ ‘ಫೋಟೊ ಪೇಪರ್’?

‘ಫೋಟೊ ಪೇಪರ್’ ಎಂದು ಹುಡುಕಿದರೆ ಮೂರು ಬೇರೆ ಬೇರೆ ವಸ್ತುಗಳು ಸಿಗುತ್ತವೆ.

1. ಪ್ರಿಂಟರ್ ಪೇಪರ್. ಇಂಕ್‌ಜೆಟ್ ಪ್ರಿಂಟರಿಗೆ ಹಾಕುವ ಹೊಳಪಿನ ಹಾಳೆ. ಇದರಲ್ಲಿ ಬೆಳ್ಳಿಯ ಲೇಪವಿಲ್ಲ, ಬೆಳಕು ಬಿದ್ದರೂ ಏನೂ ಆಗುವುದಿಲ್ಲ. ಇದನ್ನು ಬಿಚ್ಚಿ ನೋಡಿ ಕೊಳ್ಳಬಹುದು. ಡಾರ್ಕ್‌ರೂಮಿನಲ್ಲಿ ಇದು ಉಪಯೋಗಕ್ಕಿಲ್ಲ.
2. ಕಪ್ಪು-ಬಿಳುಪು ಡಾರ್ಕ್‌ರೂಮ್ ಪೇಪರ್. ನಮ್ಮ ಸ್ಟುಡಿಯೊದವರು ‘ಬ್ರೋಮೈಡ್ ಪೇಪರ್’ ಎನ್ನುತ್ತಿದ್ದುದು ಇದನ್ನೇ. ಕೆಂಪು ದೀಪದಡಿ ಕೆಲಸ ಮಾಡುವುದು ಇದರಲ್ಲಿ. ಈ ಲೇಖನ ಇದರ ಬಗ್ಗೆ.
3. ಬಣ್ಣದ ಡಾರ್ಕ್‌ರೂಮ್ ಪೇಪರ್. ಕಲರ್ ಲ್ಯಾಬ್‌ಗಳ ಯಂತ್ರಕ್ಕೆ ಹಾಕುವ ರೋಲ್‌ಗಳು ಹೆಚ್ಚಾಗಿ ಇವೇ. ಇದಕ್ಕೆ ಕೆಂಪು ಬೆಳಕೂ ಆಗದು, ಪೂರ್ತಿ ಕತ್ತಲೆಯೇ ಬೇಕು. ರಾಸಾಯನಿಕಗಳೂ ಬೇರೆ. ವಯಸ್ಸಾದರೆ ಬಣ್ಣಗಳು ಒಂದೊಂದು ಕಡೆಗೆ ವಾಲುತ್ತವೆ. ಹೊಸಬರು ಇದನ್ನು ಹಳೆಯದಾಗಿ ಕೊಳ್ಳದಿರುವುದೇ ಒಳ್ಳೆಯದು.

ಡಬ್ಬಿಯ ಮೇಲೆ ‘ಇಂಕ್‌ಜೆಟ್’, ‘ಪ್ರಿಂಟರ್’ ಎಂದಿದ್ದರೆ ಮೊದಲ ಬಗೆ. ‘ಸಿಂಗಲ್ ವೇಟ್’, ‘ಡಬಲ್ ವೇಟ್’, ‘ಸಾಫ್ಟ್’, ‘ನಾರ್ಮಲ್’, ‘ಹಾರ್ಡ್’, ‘ಬ್ರೋಮೈಡ್’, ‘ಮಲ್ಟಿಗ್ರೇಡ್’ ಎಂಬ ಪದಗಳಿದ್ದರೆ ಎರಡನೆಯದು. ಸಿಂಗಲ್, ಡಬಲ್ ಎಂದರೆ ಹಾಳೆಯ ದಪ್ಪ. ಸಾಫ್ಟ್, ಹಾರ್ಡ್ ಎಂದರೆ ಚಿತ್ರದಲ್ಲಿ ಕಪ್ಪು-ಬಿಳುಪಿನ ಅಂತರ ಎಷ್ಟು ಎದ್ದು ಕಾಣುತ್ತದೆ ಎಂಬುದು.

ತೆರೆದರೆ ಏನಾಗುತ್ತದೆ?

ಈ ಪೇಪರಿನ ಒಂದು ಮುಖದ ಮೇಲೆ ಜೆಲಾಟಿನ್ ಪದರ ಇರುತ್ತದೆ. ಅದರೊಳಗೆ ಬೆಳ್ಳಿಯ ಲವಣಗಳ, ಅಂದರೆ ಸಿಲ್ವರ್ ಬ್ರೋಮೈಡ್ ಮತ್ತು ಸಿಲ್ವರ್ ಕ್ಲೋರೈಡ್‌ನ, ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಹುದುಗಿರುತ್ತವೆ. ಬೆಳಕು ಬಿದ್ದ ಹರಳಿನಲ್ಲಿ ಕೆಲವೇ ಬೆಳ್ಳಿ ಪರಮಾಣುಗಳ ಒಂದು ಚುಕ್ಕೆ ಮೂಡುತ್ತದೆ. ಆಗ ಕಣ್ಣಿಗೆ ಏನೂ ಕಾಣುವುದಿಲ್ಲ, ಹಾಳೆ ಬೆಳ್ಳಗೇ ಇರುತ್ತದೆ. ಡೆವಲಪರ್ ದ್ರಾವಣದಲ್ಲಿ ಅದ್ದಿದಾಗ, ಚುಕ್ಕೆ ಮೂಡಿದ ಹರಳು ಇಡಿಯಾಗಿ ಕಪ್ಪು ಬೆಳ್ಳಿಯಾಗುತ್ತದೆ. ಬೆಳಕು ಬೀಳದ ಹರಳನ್ನು ಆಮೇಲೆ ಫಿಕ್ಸರ್, ಅಂದರೆ ಹೈಪೋ, ಕರಗಿಸಿ ತೆಗೆಯುತ್ತದೆ. ಕಪ್ಪು ಮತ್ತು ಬಿಳುಪಿನ ಚಿತ್ರ ಮೂಡುವುದು ಹೀಗೆ.

ಆದ್ದರಿಂದ ಜಾಹೀರಾತಿನ ಚಿತ್ರದಲ್ಲಿ ಹಾಳೆ ಬೆಳ್ಳಗೆ ಕಾಣುತ್ತದೆ ಎಂಬುದು ಯಾವುದಕ್ಕೂ ಸಾಕ್ಷಿಯಲ್ಲ. ಟ್ಯೂಬ್‌ಲೈಟಿನಡಿ ಕೆಲವೇ ಕ್ಷಣ ಇಟ್ಟರೂ ಸಾಕು, ಆ ಹಾಳೆಯ ಹರಳುಗಳಲ್ಲೆಲ್ಲ ಚುಕ್ಕೆ ಮೂಡಿರುತ್ತದೆ. ಹೆಚ್ಚು ಹೊತ್ತು ಬೆಳಕಿನಲ್ಲಿದ್ದರೆ ಡೆವಲಪರ್ ಇಲ್ಲದೆಯೇ ಹಾಳೆ ನಸುಗೆಂಪು, ನೇರಳೆ ಅಥವಾ ಬೂದು ಬಣ್ಣಕ್ಕೆ ತಿರುಗುತ್ತದೆ. ಅಂಥ ಬಣ್ಣ ಕಂಡರೆ ಅನುಮಾನವೇ ಬೇಡ.

ಎರಡು ವಿನಾಯಿತಿಗಳಿವೆ. ಹಾಳೆಗಳನ್ನು ಹರಡದೆ, ಒತ್ತಾಗಿ ಜೋಡಿಸಿದ ಕಟ್ಟನ್ನು ಒಂದು ಕ್ಷಣ ಮಾತ್ರ ತೆರೆದಿದ್ದರೆ ಮೇಲಿನ ಕೆಲವು ಹಾಳೆ ಮತ್ತು ಎಲ್ಲದರ ಅಂಚು ಕೆಟ್ಟು, ನಡುವಿನ ಭಾಗ ಉಳಿದಿರಬಹುದು. ಇನ್ನೊಂದು, ಚಿತ್ರವನ್ನೇ ಡಾರ್ಕ್‌ರೂಮಿನ ಕೆಂಪು ದೀಪದಡಿ ತೆಗೆದಿರಬಹುದು. ಆಗ ಇಡೀ ಚಿತ್ರ ಕೆಂಪಾಗಿ ಕಾಣುತ್ತದೆ, ಹಾಳೆ ಬೆಳ್ಳಗೆ ಕಾಣುವುದಿಲ್ಲ. ಹಾಗೆ ತೆಗೆದವರಿಗೆ ಕೆಲಸ ಗೊತ್ತಿದೆ ಎಂದು ತಿಳಿಯಬಹುದು.

ಸೀಲ್ ಒಡೆಯದಿದ್ದರೂ ಏಕೆ ಕೆಡುತ್ತದೆ?

ಬೆಳಕು ಮಾಡುವ ಕೆಲಸವನ್ನೇ ಶಾಖ ನಿಧಾನವಾಗಿ ಮಾಡುತ್ತದೆ. ವರ್ಷಗಳು ಕಳೆದಂತೆ ಕೆಲವು ಹರಳುಗಳಲ್ಲಿ ಬೆಳಕಿಲ್ಲದೆಯೇ ಚುಕ್ಕೆ ಮೂಡುತ್ತದೆ. ಅಂಥ ಹಾಳೆಯನ್ನು ಡೆವಲಪ್ ಮಾಡಿದರೆ ಬಿಳಿಯಾಗಿರಬೇಕಾದ ಜಾಗವೂ ಬೂದು ಬಣ್ಣಕ್ಕೆ ಬರುತ್ತದೆ. ಸ್ಟುಡಿಯೊದವರು ಇದನ್ನು ‘ಫಾಗ್’ ಎನ್ನುತ್ತಾರೆ. ತೇವ, ಹೊಸ ಪೇಂಟಿನ ಆವಿ, ಗಂಧಕದ ಹೊಗೆ ಇದನ್ನು ಇನ್ನೂ ಬೇಗ ತರುತ್ತವೆ. ಗಾಳಿ ಮೊದಲು ಮುಟ್ಟುವುದು ಅಂಚನ್ನಾದ್ದರಿಂದ ಫಾಗ್ ಸಾಮಾನ್ಯವಾಗಿ ಅಂಚಿನಿಂದ ಶುರುವಾಗುತ್ತದೆ.

ನಮ್ಮ ಕಡೆಯ ಸ್ಟುಡಿಯೊಗಳನ್ನು ನೆನೆಸಿಕೊಳ್ಳಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳಲ್ಲಿ ಸ್ಟುಡಿಯೊ ಎಂದರೆ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಸಣ್ಣ ಮಳಿಗೆ. ಡಿಜಿಟಲ್ ಬಂದಮೇಲೆ ಉಳಿದ ಡಬ್ಬಿಗಳು ಅಟ್ಟ ಸೇರಿದವು. ಮೇಲೆ ತಗಡಿನ ಶೀಟು, ಏಪ್ರಿಲ್-ಮೇ ತಿಂಗಳ ಬಿಸಿಲು, ಮಳೆಗಾಲದ ತೇವ. ಅಲ್ಲಿ ಇಪ್ಪತ್ತು ವರ್ಷ ಇದ್ದ ಸೀಲ್ ಡಬ್ಬಿಗಿಂತ, ತಂಪಾದ ಕೋಣೆಯ ಬೀರುವಿನಲ್ಲಿದ್ದ ಅರ್ಧ ಬಳಸಿದ ಡಬ್ಬಿಯೇ ಮೇಲು. ಡಾರ್ಕ್‌ರೂಮಿನೊಳಗೇ ತೆರೆದು, ಮತ್ತೆ ಕಪ್ಪು ಚೀಲದಲ್ಲಿ ಸುತ್ತಿಟ್ಟ ಡಬ್ಬಿಯಲ್ಲಿ ದೋಷವಿಲ್ಲ.

ಪೇಪರಿನ ಬಗೆಯೂ ಮುಖ್ಯ. ಒಂದೇ ಗ್ರೇಡಿನ ಹಳೆಯ ಬ್ರೋಮೈಡ್ ಪೇಪರ್‌ಗಳು ಸಾಮಾನ್ಯವಾಗಿ ಹೆಚ್ಚು ಕಾಲ ತಾಳುತ್ತವೆ. ಫಿಲ್ಟರ್ ಬದಲಿಸಿ ಸಾಫ್ಟ್, ಹಾರ್ಡ್ ಮಾಡುವ ಮಲ್ಟಿಗ್ರೇಡ್ ಪೇಪರ್‌ಗಳು ಹಳತಾದಂತೆ ಹಾರ್ಡ್ ಚಿತ್ರ ಕೊಡುವ ಶಕ್ತಿ ಕಳೆದುಕೊಳ್ಳುತ್ತವೆ. ಪ್ಲಾಸ್ಟಿಕ್ ಲೇಪದ ಕೆಲವು ಪೇಪರ್‌ಗಳಲ್ಲಿ ಡೆವಲಪರನ್ನು ಪದರದೊಳಗೇ ಸೇರಿಸಿರುತ್ತಿದ್ದರು. ಅವು ಇನ್ನೂ ಬೇಗ ಹಳದಿಯಾಗಿ ಕೆಡುತ್ತವೆ.

ಡಬ್ಬಿ ನೋಡಿ ವಯಸ್ಸು ಹೇಳುವುದು ಹೇಗೆ?

ಬಹಳಷ್ಟು ಡಬ್ಬಿಗಳ ಮೇಲೆ ತಯಾರಾದ ತಾರೀಖು ಇರುವುದಿಲ್ಲ. ಆದರೆ ಸುಳಿವುಗಳಿರುತ್ತವೆ.

- ‘ಇಂದು’ ಬ್ರ್ಯಾಂಡ್: ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಎಂಬ ಕೇಂದ್ರ ಸರ್ಕಾರದ ಕಾರ್ಖಾನೆಯ ಸರಕು. 1960ರಲ್ಲಿ ಸ್ಥಾಪನೆಯಾಗಿ, 1967ರಲ್ಲಿ ಉತ್ಪಾದನೆ ಶುರುಮಾಡಿದ ಈ ಕಾರ್ಖಾನೆ 2010ರ ದಶಕದಲ್ಲಿ ಮುಚ್ಚಿತು. ಹಾಗಾಗಿ ‘ಫ್ರೆಶ್ ಸ್ಟಾಕ್ ಇಂದು ಪೇಪರ್’ ಎಂಬುದು ಇರಲು ಸಾಧ್ಯವಿಲ್ಲ.
- ಕೊಡಕ್ ಕಪ್ಪು-ಬಿಳುಪು ಪೇಪರ್: ಕಂಪನಿ 2005ರಲ್ಲಿ ಇದರ ತಯಾರಿಕೆ ನಿಲ್ಲಿಸಿತು. ಕೊಡಕ್ ಹೆಸರಿನ ಬಣ್ಣದ ಪೇಪರ್ ಆಮೇಲೂ ಬಂದಿದೆ, ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ.
- ‘ಜಿ.ಡಿ.ಆರ್.’ ಅಥವಾ ‘ಪಶ್ಚಿಮ ಜರ್ಮನಿ’: ಎರಡು ಜರ್ಮನಿಗಳು ಒಂದಾದದ್ದು 1990ರಲ್ಲಿ. ಓರ್ವೊ, ಆಗ್ಫಾ ಡಬ್ಬಿಯ ಮೇಲೆ ಈ ಹೆಸರಿದ್ದರೆ ಅದಕ್ಕೆ 35 ವರ್ಷವಾದರೂ ಆಗಿದೆ.
- ಪಿನ್ ಕೋಡ್: ನಮ್ಮಲ್ಲಿ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಭಾರತದ ವಿಳಾಸವಿದ್ದು ಪಿನ್ ಇಲ್ಲದಿದ್ದರೆ ಡಬ್ಬಿ ಅದಕ್ಕೂ ಹಳೆಯದಿರಬಹುದು.
- ಊರಿನ ಹೆಸರು: ‘ಬಾಂಬೆ’ ಮುಂಬೈ ಆದದ್ದು 1995ರಲ್ಲಿ, ‘ಮದ್ರಾಸ್’ ಚೆನ್ನೈ ಆದದ್ದು 1996ರಲ್ಲಿ. ಹಳೆಯ ಲೇಬಲನ್ನೇ ಕೆಲಕಾಲ ಬಳಸಿರಬಹುದು, ಆದರೂ ಅಂದಾಜಿಗೆ ಸಾಕು.
- ಸ್ಟುಡಿಯೊ ಸೀಲು: ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಿಂದ, ಜಗಳೂರು ಚಿತ್ರದುರ್ಗ ಜಿಲ್ಲೆಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಸೇರಿದ್ದು 1997ರಲ್ಲಿ. ಡಬ್ಬಿ ಅಥವಾ ಹಳೆಯ ಫೋಟೊದ ಹಿಂದೆ ‘ಚನ್ನಗಿರಿ, ಶಿವಮೊಗ್ಗ ಜಿಲ್ಲೆ’ ಎಂಬ ಸೀಲಿದ್ದರೆ ಅದು ಬಹುತೇಕ ಅದಕ್ಕೂ ಹಿಂದಿನದು.

ಹೊಸ ಪೇಪರ್ ಸಿಗುವುದೇ ಇಲ್ಲವೆಂದಲ್ಲ. ಇಂಗ್ಲೆಂಡಿನ ಇಲ್‌ಫರ್ಡ್, ಜೆಕ್ ದೇಶದ ಫೋಮಾ ಈಗಲೂ ಕಪ್ಪು-ಬಿಳುಪು ಪೇಪರ್ ತಯಾರಿಸುತ್ತಿವೆ. ಆಮದು ಮಾಡಿ ಮಾರುವವರು ನಮ್ಮ ದೇಶದಲ್ಲೂ ಇದ್ದಾರೆ. ಮುಖ್ಯವಾದ ನೆಗೆಟಿವ್‌ಗೆ ಹೊಸ ಪೇಪರನ್ನೇ ಬಳಸಿ. ಹಳೆಯದನ್ನು ಕಲಿಯಲು, ಪ್ರಯೋಗಕ್ಕೆ ಇಟ್ಟುಕೊಳ್ಳಿ.

ಜನ ಹೇಳುವ ಮಾತು, ವಾಸ್ತವ ಏನು?

“ಫ್ರಿಜ್ಜಿನಲ್ಲಿಟ್ಟರೆ ಹಳೆಯ ಪೇಪರ್ ಸರಿಹೋಗುತ್ತದೆ.”
ತಪ್ಪು. ತಂಪು ಮುಂದಿನ ಹಾಳನ್ನು ನಿಧಾನಿಸುತ್ತದೆ, ಆಗಿಹೋದದ್ದನ್ನು ಹಿಂದಕ್ಕೆ ತರುವುದಿಲ್ಲ. ಚೆನ್ನಾಗಿರುವ ಪೇಪರನ್ನು ಫ್ರಿಜ್ಜಿನಲ್ಲಿಡುವುದು ಒಳ್ಳೆಯದೇ. ಆದರೆ ಹೊರತೆಗೆದ ಮೇಲೆ ಡಬ್ಬಿ ಕೋಣೆಯ ಬಿಸಿಗೆ ಬರುವವರೆಗೆ ತೆರೆಯಬೇಡಿ, ಒಳಗೆ ನೀರಿನ ಹನಿ ಕೂರುತ್ತದೆ.

“ಬೆಳಕು ಬಿದ್ದ ಹಾಳೆಯನ್ನು ಕೆಲವು ದಿನ ಕತ್ತಲಲ್ಲಿಟ್ಟರೆ ಸರಿಯಾಗುತ್ತದೆ.”
ತಪ್ಪು. ಬೆಳಕು ಬಿದ್ದದ್ದು ಬಿದ್ದದ್ದೇ.

“ವಿಮಾನದ ಎಕ್ಸ್‌ರೇ ತಪಾಸಣೆಯಲ್ಲಿ ಪೇಪರ್ ಹಾಳಾಗುತ್ತದೆ.”
ಈ ಭಯ ಮುಖ್ಯವಾಗಿ ಹೆಚ್ಚು ವೇಗದ ಫಿಲ್ಮ್‌ಗೆ ಸಂಬಂಧಿಸಿದ್ದು. ಪ್ರಿಂಟ್ ಪೇಪರಿನ ಸಂವೇದನೆ ಫಿಲ್ಮ್‌ಗಿಂತ ಬಹಳ ಕಡಿಮೆ. ತಗಡಿನ ಅಟ್ಟದಲ್ಲಿ ಕಳೆದ ಒಂದು ಬೇಸಿಗೆ ಇದಕ್ಕಿಂತ ದೊಡ್ಡ ಶತ್ರು.

“ಹಳೆಯ ಫೋಟೊ ಪೇಪರಿನಲ್ಲಿ ಕೆಜಿಗಟ್ಟಲೆ ಬೆಳ್ಳಿ ಇರುತ್ತದೆ, ಸುಟ್ಟರೆ ಸಿಗುತ್ತದೆ.”
ಬೆಳ್ಳಿ ಇರುವುದು ನಿಜ. ಪ್ರಮಾಣ ಮಾತ್ರ ಚದರ ಮೀಟರಿಗೆ ಹೆಚ್ಚೆಂದರೆ ಒಂದೆರಡು ಗ್ರಾಂ. 8×10 ಇಂಚಿನ 100 ಹಾಳೆ ಎಂದರೆ ಸುಮಾರು 5 ಚದರ ಮೀಟರ್. ಅಂದರೆ ಇಡೀ ಡಬ್ಬಿಯಲ್ಲಿ ಸಿಗಬಹುದಾದದ್ದು ಒಂದು ಜೋಡಿ ಕಾಲುಂಗುರದಷ್ಟು ಬೆಳ್ಳಿ. ಅದಕ್ಕಾಗಿ ಪ್ಲಾಸ್ಟಿಕ್ ಲೇಪದ ಹಾಳೆ ಸುಟ್ಟು ಹೊಗೆ ಕುಡಿಯುವುದು, ಮನೆಯಲ್ಲಿ ನೈಟ್ರಿಕ್ ಆ್ಯಸಿಡ್ ಬಳಸುವುದು ಆರೋಗ್ಯಕ್ಕೆ ಅಪಾಯ. ‘ಬೆಳ್ಳಿ ಪೇಪರ್’ ಎಂದು ಹೆಚ್ಚು ಬೆಲೆ ಹೇಳುವ ಜಾಹೀರಾತಿಗೂ ಮರುಳಾಗಬೇಡಿ.

“ಕೆಂಪು ಬಲ್ಬ್ ಯಾವುದಾದರೂ ನಡೆಯುತ್ತದೆ.”
ಎಲ್ಲವೂ ನಡೆಯುವುದಿಲ್ಲ. ಕಪ್ಪು-ಬಿಳುಪು ಪೇಪರ್ ನೀಲಿ, ಹಸಿರು ಬೆಳಕಿಗೆ ಸ್ಪಂದಿಸುತ್ತದೆ, ಕೆಂಪಿಗೆ ಅಲ್ಲ. ಬಣ್ಣ ಬಳಿದ ಕೆಲವು ಅಗ್ಗದ ಬಲ್ಬ್‌ಗಳಿಂದ ಬೇರೆ ಬಣ್ಣವೂ ಸೋರುತ್ತದೆ. ಪರೀಕ್ಷೆ ಸುಲಭ: ಚೆನ್ನಾಗಿರುವ ಪೇಪರಿನ ಒಂದು ತುಂಡನ್ನು, ಮೇಲೊಂದು ನಾಣ್ಯ ಇಟ್ಟು, ಆ ದೀಪದಡಿ ಐದು ನಿಮಿಷ ಬಿಡಿ. ಆಮೇಲೆ ಡೆವಲಪ್ ಮಾಡಿ. ನಾಣ್ಯದ ಗುರುತು ಮೂಡಿದರೆ ಆ ದೀಪ ಬೇಡ.

ಕೊಳ್ಳುವ ಮುನ್ನ ಮಾರುವವರಿಗೆ ಕಳಿಸಬೇಕಾದ ಸಂದೇಶ

ಹೆಚ್ಚಿನ ಮಾರಾಟಗಾರರು ಅಜ್ಜನ, ಅಪ್ಪನ ಸ್ಟುಡಿಯೊ ಖಾಲಿ ಮಾಡುತ್ತಿರುವ ಮಕ್ಕಳು. ಅವರಿಗೂ ಇದರ ವಿಷಯ ಗೊತ್ತಿರುವುದಿಲ್ಲ. ಬೇರೆ ಯಾರೋ ಕೇಳಿ ತೆರೆಸುವ ಮೊದಲೇ ಹೀಗೆ ಬರೆಯಿರಿ:

“ನಮಸ್ಕಾರ. ದಯವಿಟ್ಟು ಒಳಗಿನ ಕಪ್ಪು ಚೀಲ ಅಥವಾ ಕಪ್ಪು ಕಾಗದ ತೆರೆಯಬೇಡಿ, ಬೆಳಕು ಬಿದ್ದರೆ ಪೇಪರ್ ಹಾಳಾಗುತ್ತದೆ. ಡಬ್ಬಿಯ ಹೊರಗಿನ ಎಲ್ಲ ಬದಿಗಳ ಫೋಟೊ ಕಳಿಸಿ. ಈ ಮೊದಲು ಯಾರಾದರೂ ಬೆಳಕಿನಲ್ಲಿ ತೆರೆದಿದ್ದಾರಾ? ಇಷ್ಟು ವರ್ಷ ಎಲ್ಲಿ ಇಟ್ಟಿದ್ದಿರಿ? ಡಬ್ಬಿ ಒದ್ದೆಯಾಗಿತ್ತಾ?”

ಉತ್ತರ ಬಂದಮೇಲೆ ಹೀಗೆ ಯೋಚಿಸಿ:

- “ತೆರೆದು ಎಣಿಸಿದೀನಿ, ಸರಿಯಾಗಿ 87 ಇದೆ” ಎಂದರೆ ಎಲ್ಲಿ ಎಣಿಸಿದರು ಎಂದು ಕೇಳಿ. ಕತ್ತಲಲ್ಲಿ ಬೆರಳಿನಿಂದ ಎಣಿಸಿದ್ದರೆ ತೊಂದರೆಯಿಲ್ಲ. ಹಗಲಲ್ಲಿ ಎಣಿಸಿದ್ದರೆ ಕೊಳ್ಳಬೇಡಿ.
- “ಗೊತ್ತಿಲ್ಲ, ಅಟ್ಟದಲ್ಲಿತ್ತು” ಎಂಬುದು ಪ್ರಾಮಾಣಿಕ ಉತ್ತರ. ಬೆಲೆ ಅದಕ್ಕೆ ತಕ್ಕಂತೆ ಇರಲಿ.
- ಒಂದೇ ಕಡೆ ಹತ್ತು ಡಬ್ಬಿ ಇದ್ದರೆ ಮೊದಲು ಒಂದನ್ನೇ ತರಿಸಿ ಪರೀಕ್ಷಿಸಿ. ಒಟ್ಟಿಗೆ ಇಟ್ಟ ಒಂದೇ ಬಗೆಯ ಡಬ್ಬಿಗಳ ಗತಿ ಸಾಮಾನ್ಯವಾಗಿ ಒಂದೇ.
- ಬೆಲೆಯನ್ನು ಡಬ್ಬಿಗಲ್ಲ, ಬಳಸಬಹುದಾದ ಹಾಳೆಗೆ ಲೆಕ್ಕ ಹಾಕಿ. ಉದಾಹರಣೆಗೆ ಕೊರಿಯರ್ ಸೇರಿ 1,500 ರೂಪಾಯಿಗೆ 100 ಹಾಳೆ ಎಂದರೆ ಒಂದಕ್ಕೆ 15 ರೂಪಾಯಿ. ಅದರಲ್ಲಿ 30 ಮಾತ್ರ ಸರಿಯಿದ್ದರೆ ಒಂದಕ್ಕೆ 50 ರೂಪಾಯಿ. ಆಗ ಹೊಸ ಪೇಪರಿನ ಬೆಲೆಯನ್ನೂ ವಿಚಾರಿಸಿ ನೋಡಿ.

ನೀವೇ ಮಾರುವವರಾದರೆ ಇನ್ನೊಂದು ಎಚ್ಚರಿಕೆ. ಹಣ ಪಡೆಯಲು ಯುಪಿಐ ಪಿನ್ ಹಾಕಬೇಕಿಲ್ಲ, ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಬೇಕಿಲ್ಲ. ಹಾಗೆ ಹೇಳುವ ಕೊಳ್ಳುಗ ಮೋಸಗಾರ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಪಾರ್ಸೆಲ್ ಬಂದಾಗ: ‘ಓಪನ್ ಬಾಕ್ಸ್’ ಮತ್ತು ಅನ್‌ಬಾಕ್ಸಿಂಗ್ ವಿಡಿಯೊ

ಈಗ ಕೆಲವು ಕಡೆ ಡೆಲಿವರಿ ಹುಡುಗ ನಿಮ್ಮ ಎದುರೇ ಪೆಟ್ಟಿಗೆ ತೆರೆದು ತೋರಿಸುತ್ತಾನೆ. ವಾಪಸು ಕೊಡಬೇಕೆಂದರೆ ಅನ್‌ಬಾಕ್ಸಿಂಗ್ ವಿಡಿಯೊ ಬೇಕು ಎನ್ನುವ ಮಾರಾಟಗಾರರೂ ಇದ್ದಾರೆ. ಮೊಬೈಲಿಗೆ, ಮಿಕ್ಸಿಗೆ ಇದು ಒಳ್ಳೆಯ ಅಭ್ಯಾಸ. ಈ ಪೇಪರಿಗೆ ಮಾತ್ರ ಮಿತಿ ಇರಬೇಕು: ಹೊರಗಿನ ಪೆಟ್ಟಿಗೆ ತೆರೆಯಿರಿ, ಪೇಪರಿನ ಡಬ್ಬಿಯ ಆರೂ ಬದಿ ವಿಡಿಯೊದಲ್ಲಿ ತೋರಿಸಿ, ಅಲ್ಲಿಗೆ ನಿಲ್ಲಿಸಿ. ಡಬ್ಬಿಯ ಮೇಲೆ ‘ಬೆಳಕಿನಲ್ಲಿ ತೆರೆಯಬೇಡಿ’ ಎಂದು ದಪ್ಪಕ್ಷರದಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದು ಕಳಿಸುವಂತೆ ಮಾರುವವರನ್ನು ಮೊದಲೇ ಕೇಳಿಕೊಳ್ಳಿ.

ಪರೀಕ್ಷೆಯಲ್ಲಿ ಪೇಪರ್ ಕೆಟ್ಟಿದೆ ಎಂದು ಗೊತ್ತಾದರೆ ಹಣ ವಾಪಸು ಸಿಗುತ್ತದೆಯೇ? ವ್ಯಾಪಾರವಾಗಿ ಆನ್‌ಲೈನ್‌ನಲ್ಲಿ ಮಾರುವವರಿಗೆ 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ಅನ್ವಯಿಸುತ್ತವೆ. ದೋಷವಿರುವ ಅಥವಾ ವಿವರಣೆಗೆ ತಕ್ಕಂತಿಲ್ಲದ ಸರಕನ್ನು ಹಿಂಪಡೆಯುವುದಿಲ್ಲ ಎಂದು ಅವರು ಹೇಳುವಂತಿಲ್ಲ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆದರೆ ಮನೆಯ ಹಳೆಯ ಸಾಮಾನನ್ನು ಒಂದು ಸಲ ಮಾರಿದ ವ್ಯಕ್ತಿಯ ಮೇಲೆ ಇದನ್ನು ಹಿಡಿದು ಹೋಗುವುದು ಕಷ್ಟ. ಆದ್ದರಿಂದ “ಪರೀಕ್ಷೆಯಲ್ಲಿ ಫಾಗ್ ಬಂದರೆ ಅರ್ಧ ಹಣ ವಾಪಸು” ಎಂಬಂಥ ಮಾತನ್ನು ಮೊದಲೇ ಚಾಟ್‌ನಲ್ಲಿ ಬರೆಸಿಕೊಳ್ಳಿ.

ಹತ್ತು ನಿಮಿಷದ ಪರೀಕ್ಷೆ

ಎನ್‌ಲಾರ್ಜರ್ ಬೇಡ. ಕತ್ತಲೆ ಮಾಡಬಹುದಾದ ಕೋಣೆ, ಡೆವಲಪರ್, ಫಿಕ್ಸರ್, ನೀರು ಸಾಕು. ಮೊಬೈಲ್, ಸ್ಮಾರ್ಟ್ ವಾಚ್ ಹೊರಗಿಡಿ. ಪರದೆಯ ಬೆಳಕೂ ಪೇಪರಿಗೆ ಬೆಳಕೇ.

1. ಕತ್ತಲಲ್ಲಿ ಕಟ್ಟಿನ ನಡುವಿನಿಂದ ಒಂದು ಹಾಳೆ ತೆಗೆದು, ಡಬ್ಬಿ ಮುಚ್ಚಿ. ಹಾಳೆಯನ್ನು ಮೂರು ಪಟ್ಟಿಯಾಗಿ ಕತ್ತರಿಸಿ.
2. ಮೊದಲ ಪಟ್ಟಿ: ನೇರ ಫಿಕ್ಸರ್‌ಗೆ ಹಾಕಿ. ಇದು ಆ ಪೇಪರಿನ ನಿಜವಾದ ಬಿಳುಪು.
3. ಎರಡನೇ ಪಟ್ಟಿ: ಬೆಳಕು ತೋರಿಸದೆ ಎರಡು ನಿಮಿಷ ಡೆವಲಪರ್‌ನಲ್ಲಿಟ್ಟು, ನೀರಿನಲ್ಲಿ ಅದ್ದಿ, ಫಿಕ್ಸರ್‌ಗೆ ಹಾಕಿ. ಕೆಂಪು ದೀಪದ ಮೇಲೆ ಅನುಮಾನವಿದ್ದರೆ ಇದನ್ನು ಪೂರ್ತಿ ಕತ್ತಲಲ್ಲೇ ಮಾಡಿ.
4. ಈ ಎರಡೂ ಪಟ್ಟಿ ಫಿಕ್ಸರ್‌ನಲ್ಲಿ ಕೆಲವು ನಿಮಿಷ ಇದ್ದಮೇಲೆ ದೀಪ ಹಾಕಿ. ಮೂರನೇ ಪಟ್ಟಿಯನ್ನು ಕೋಣೆಯ ಬೆಳಕಿಗೆ ಹಿಡಿದು ಡೆವಲಪ್ ಮಾಡಿ, ಫಿಕ್ಸ್ ಮಾಡಿ.
5. ಮೂರನ್ನೂ ತೊಳೆದು, ಹಗಲು ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿ.

ಮೊದಲ ಎರಡೂ ಒಂದೇ ಬಿಳುಪಾಗಿದ್ದು, ಮೂರನೆಯದು ಗಾಢ ಕಪ್ಪಾಗಿದ್ದರೆ ಪೇಪರ್ ಚೆನ್ನಾಗಿದೆ. ಎರಡನೆಯದು ತಿಳಿ ಬೂದು ಆಗಿದ್ದರೆ ಉಪಾಯ ಮಾಡಿ ಬಳಸಬಹುದು. ಗಾಢ ಬೂದು ಅಥವಾ ಕಪ್ಪಾಗಿದ್ದರೆ ಮಾಮೂಲಿ ಪ್ರಿಂಟಿಗೆ ಆಗದು. ಅಂಚು ಮಾತ್ರ ಬೂದಾಗಿದ್ದರೆ ದೊಡ್ಡ ಹಾಳೆಯ ಅಂಚು ಕತ್ತರಿಸಿ ನಡುವಿನ ಭಾಗ ಬಳಸಿ. ಮೂರನೆಯದು ಕಪ್ಪಾಗದೆ ಮಂಕಾಗಿದ್ದರೆ ಒಂದೋ ಪೇಪರಿನ ಪದರ ಸತ್ತಿದೆ, ಇಲ್ಲವೇ ನಿಮ್ಮ ಡೆವಲಪರ್ ಹಳತಾಗಿದೆ. ಹೊಸ ಡೆವಲಪರ್‌ನಲ್ಲಿ ಮತ್ತೊಮ್ಮೆ ನೋಡಿ.

ತಿಳಿ ಫಾಗ್‌ಗೆ ಡಾರ್ಕ್‌ರೂಮಿನವರು ಡೆವಲಪರ್‌ಗೆ ಸ್ವಲ್ಪ ಪೊಟ್ಯಾಸಿಯಂ ಬ್ರೋಮೈಡ್ ಅಥವಾ ಬೆಂಜೋಟ್ರೈಅಜೋಲ್ ಸೇರಿಸುತ್ತಾರೆ. ಬಿಳುಪು ಒಂದಿಷ್ಟು ಮರಳುತ್ತದೆ, ಪೇಪರಿಗೆ ಹೆಚ್ಚು ಬೆಳಕು ಕೊಡಬೇಕಾಗುತ್ತದೆ. ಪೂರ್ತಿ ಕೆಟ್ಟ ಪೇಪರನ್ನೂ ಎಸೆಯಬೇಕಿಲ್ಲ. ಅದರ ಮೇಲೆ ಎಲೆ, ಹೂವು ಇಟ್ಟು, ಗಾಜು ಮುಚ್ಚಿ ಗಂಟೆಗಟ್ಟಲೆ ಬಿಸಿಲಿಗಿಡಿ. ಡೆವಲಪರ್ ಇಲ್ಲದೆಯೇ ನೇರಳೆ, ಕಂದು ಬಣ್ಣದ ನೆರಳು ಮೂಡುತ್ತದೆ. ಇದಕ್ಕೆ ‘ಲ್ಯೂಮೆನ್ ಪ್ರಿಂಟ್’ ಎನ್ನುತ್ತಾರೆ. ನಾನು ಕೆಡಿಸಿದ ಡಬ್ಬಿಯ ಹಾಳೆಗಳು ಕೊನೆಗೆ ಅಕ್ಕನ ಮಕ್ಕಳ ಪಾಲಾದದ್ದು ಹೀಗೆ.

ರಾಸಾಯನಿಕಗಳ ಬಗ್ಗೆ ಎಚ್ಚರ

- ಡೆವಲಪರ್‌ನಲ್ಲಿರುವ ಮೆಟಾಲ್ ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತದೆ. ಕೈಗವಸು ಹಾಕಿ, ಇಕ್ಕಳ ಬಳಸಿ, ಗಾಳಿಯಾಡುವಂತೆ ನೋಡಿಕೊಳ್ಳಿ.
- ಅಡುಗೆಯ ತಟ್ಟೆ, ಪಾತ್ರೆ ಬಳಸಬೇಡಿ. ಕುಡಿಯುವ ನೀರಿನ ಬಾಟಲಿಯಲ್ಲಿ ದ್ರಾವಣ ತುಂಬಿಡಬೇಡಿ. ನೋಡಲು ನೀರಿನಂತೆಯೇ ಇರುತ್ತದೆ, ಮಕ್ಕಳು ಕುಡಿದಾರು.
- ಹೈಪೋಗೆ ಗಟ್ಟಿ ಆ್ಯಸಿಡ್ ಬೆರೆಸಬೇಡಿ. ಉಸಿರು ಕಟ್ಟಿಸುವ ಸಲ್ಫರ್ ಡೈಆಕ್ಸೈಡ್ ಅನಿಲ ಬರುತ್ತದೆ.
- ಬಳಸಿದ ಹೈಪೋದಲ್ಲಿ ಕರಗಿದ ಬೆಳ್ಳಿ ಇರುತ್ತದೆ. ಅದನ್ನು ಕೆರೆ, ಬಾವಿ, ನಾಲೆಗೆ ಚೆಲ್ಲಬೇಡಿ. ಸೂಳೆಕೆರೆಯ ನೀರು ಗದ್ದೆ-ತೋಟಗಳಿಗಷ್ಟೇ ಅಲ್ಲ, ಚಿತ್ರದುರ್ಗದವರೆಗೆ ಕುಡಿಯಲು ಹೋಗುತ್ತದೆ. ಹೈಪೋವನ್ನು ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಟ್ಟು, ಬೆಳ್ಳಿ ತೆಗೆಯುವ ವ್ಯವಸ್ಥೆಯಿರುವ ಫೋಟೊ ಅಥವಾ ಎಕ್ಸ್‌ರೇ ಲ್ಯಾಬ್‌ಗೆ ಕೊಡಿ.

ನಿಮಗೆ ಬೇಕಿರುವುದು ಫೋಟೊ ಮಾತ್ರವೇ?

ಹಳೆಯ ಪೇಪರ್ ಹುಡುಕುವ ಹಲವರಿಗೆ ಬೇಕಾದದ್ದು ಡಾರ್ಕ್‌ರೂಮ್ ಅಲ್ಲ, ಅಜ್ಜಿಯ ಮುಖ. ಅದಕ್ಕೆ ನಿಮ್ಮ ಕೈಯಲ್ಲಿರುವ ಫೋನ್ ಸಾಕು. ಲ್ಯಾಪ್‌ಟಾಪ್ ಅಥವಾ ಇನ್ನೊಂದು ಫೋನಿನ ಪರದೆಯನ್ನು ಪೂರ್ತಿ ಬಿಳಿ ಮಾಡಿ. ನೆಗೆಟಿವ್‌ನ ಅಂಚು ಮಾತ್ರ ಹಿಡಿದು, ಪರದೆಯಿಂದ ಕೆಲವು ಸೆಂಟಿಮೀಟರ್ ದೂರದಲ್ಲಿಟ್ಟು ಹತ್ತಿರದಿಂದ ಫೋಟೊ ತೆಗೆಯಿರಿ. ಯಾವುದಾದರೂ ಎಡಿಟಿಂಗ್ ಆ್ಯಪ್‌ನಲ್ಲಿ ‘ಇನ್‌ವರ್ಟ್’ ಒತ್ತಿದರೆ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಮುಖ ಕಾಣುತ್ತದೆ. ಇನ್ನೂ ಚೆನ್ನಾಗಿ ಬೇಕೆಂದರೆ ನೆಗೆಟಿವ್ ಸ್ಕ್ಯಾನ್ ಮಾಡುವ ಲ್ಯಾಬ್‌ಗೆ ಕೊಡಿ.

ಒಂದು ಮಾತು ಮಾತ್ರ ಮರೆಯಬೇಡಿ. ಪೇಪರ್ ಡಬ್ಬಿ ಹೋದರೆ ಇನ್ನೊಂದು ಸಿಗುತ್ತದೆ, ನೆಗೆಟಿವ್ ಹೋದರೆ ಸಿಗದು. ಸ್ಟುಡಿಯೊ ಖಾಲಿ ಮಾಡುವಾಗ ಡಬ್ಬಿಗೆ ಬೆಲೆ ಕಟ್ಟಿ, ನೆಗೆಟಿವ್ ಕವರ್‌ಗಳನ್ನು ಕಸಕ್ಕೆ ಹಾಕುವವರಿದ್ದಾರೆ. ಹಾಗೆ ಮಾಡಬೇಡಿ. ಮುಂಚೆ ಎಲ್ಲ ಡೆವಲಪ್ ಆಗಿರುವುದರಿಂದ ಆ ನೆಗೆಟಿವ್‌ಗಳಿಗೆ ಬೆಳಕಿನ ಭಯವಿಲ್ಲ. ಅವನ್ನು ಧಾರಾಳವಾಗಿ ತೆರೆದು ನೋಡಬಹುದು.

ಸೂಳೆಕೆರೆಯ ನೆಗೆಟಿವ್‌ಗಳನ್ನು ನಾನು ಮೊದಲು ಫೋನಿನಲ್ಲೇ ತಿರುಗಿಸಿ ಮಾವನಿಗೆ ಕಳಿಸಿದೆ. ಆಮೇಲೆ ಹೊಸ ಪೇಪರ್ ತರಿಸಿ ನಾಲ್ಕು ಪ್ರಿಂಟ್ ಹಾಕಿಸಿದೆವು. ಏರಿಯ ಮೇಲೆ ಸಾಲಾಗಿ ನಿಂತವರಲ್ಲಿ ಮೂರನೆಯವಳು ನಮ್ಮಜ್ಜಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾಳೆ.

ಫಾರ್ವರ್ಡ್ ಮಾಡಲು

📌 ಹಳೆಯ ಸ್ಟುಡಿಯೊದ ಫೋಟೊ ಪೇಪರ್ ಡಬ್ಬಿ ಮನೆಯಲ್ಲಿದ್ದರೆ ಒಳಗಿನ ಕಪ್ಪು ಚೀಲ ತೆರೆಯಬೇಡಿ. ಬೆಳಕು ಬಿದ್ದರೆ ಹಾಳಾಗುತ್ತದೆ.
📌 ಆನ್‌ಲೈನ್‌ನಲ್ಲಿ ಕೊಳ್ಳುವಾಗ ಒಳಗಿನ ಹಾಳೆಯ ಫೋಟೊ, ವಿಡಿಯೊ ಕೇಳಬೇಡಿ. ಡಬ್ಬಿಯ ಹೊರಗಿನ ಫೋಟೊ ಸಾಕು.
📌 ಸೀಲ್ ಇದೆ ಎಂದ ಮಾತ್ರಕ್ಕೆ ಪೇಪರ್ ಚೆನ್ನಾಗಿದೆ ಎಂದಲ್ಲ. ಕತ್ತಲಲ್ಲಿ ಪಟ್ಟಿ ಪರೀಕ್ಷೆ ಮಾಡಿ.
📌 ಪೇಪರ್ ಸುಟ್ಟು ಬೆಳ್ಳಿ ತೆಗೆಯಲು ಹೋಗಬೇಡಿ.
📌 ಹಳೆಯ ನೆಗೆಟಿವ್ ಎಸೆಯಬೇಡಿ. ಫೋನಿನಲ್ಲೇ ನೋಡಬಹುದು.